ನಾಲ್ಕು ಗಂಟೆಯ ಸರದಿ

ಬೆಳಿಗ್ಗೆ ಹತ್ತಕ್ಕೆ ವಿರೂಪಾಕ್ಷಿಯ ಮುಂಗೈ ಪಟ್ಟಿ ಎರಡು ಸಲ ಮಿಡಿಯಿತು. ಹೊಲಿಗೆ ಯಂತ್ರ ನಿಲ್ಲಿಸಿ ಅವನು ಪಟ್ಟಿಯ ಮೇಲೆ ಮೂಡಿದ ಸಾಲು ಓದಿದ: ‘ಗುರುಸಿದ್ಧಪ್ಪನವರ ಮಗ್ಗುಲು ಬದಲಿಸಬೇಕು. ನೀಲವ್ವ ದಣಿದಿದ್ದಾರೆ. ಹೋಗುತ್ತೀರಾ?’ ಒಪ್ಪಿಗೆಯ ಗುಂಡಿ ಒತ್ತಿ, ಮೂರು ಮನೆ ದಾಟಿ ಹೋದ. ಹಾಸಿಗೆಯಲ್ಲಿ ಬಲಕ್ಕೆ ಮಲಗಿದ್ದ ಮುದುಕನನ್ನು ಎಡಕ್ಕೆ ಹೊರಳಿಸಿ, ಬೆನ್ನಿಗೆ ದಿಂಬು ಕೊಟ್ಟ. ‘ಆಯಿತು’ ಎಂದು ಒತ್ತಿದೊಡನೆ ಓಣಿಯ ಹನ್ನೊಂದು ಮನೆಗಳ ಪಟ್ಟಿಗಳಲ್ಲೂ ಆ ಕೆಲಸದ ಮುಂದೆ ಹಸಿರು ಚುಕ್ಕೆ ಬಿತ್ತು.

ಅದು ಎರಡು ಸಾವಿರದ ಐವತ್ತೆಂಟನೆಯ ಇಸವಿ. ಹುಬ್ಬಳ್ಳಿಯ ಆ ಓಣಿಗೆ ‘ಸರದಿ’ ಎಂಬ ಈ ವ್ಯವಸ್ಥೆ ಬಂದು ಏಳು ತಿಂಗಳಾಗಿತ್ತು.

ಹಲವರು ಹಂಚಿಕೊಂಡು ಬಳಸುವ ಕ್ಯಾಲೆಂಡರುಗಳು ಹೊಸವೇನಲ್ಲ. ‘ಎರಡು ತಾಸಿಗೊಮ್ಮೆ’ ಎಂದು ಒಂದು ಸಲ ಬರೆದರೆ ಅವು ಅದನ್ನೇ ಮತ್ತೆ ಮತ್ತೆ ತೋರಿಸುತ್ತಿದ್ದವು. ಮಾಡಬೇಕಾದವಳಿಗೆ ಜ್ವರವಿದೆಯೋ, ಕಣ್ಣು ಎಳೆಯುತ್ತಿದೆಯೋ, ಅವಕ್ಕೆ ತಿಳಿಯದು. ವಿಜ್ಞಾನಿ ಮೆಹರುನ್ನಿಸಾ ನದಾಫ್ ಈ ಕುರುಡುತನವನ್ನು ನೀಗಿಸಿದಳು. ಆರಾಮವಾಗಿರುವವರ ಎದೆಬಡಿತಗಳ ನಡುವಿನ ಅಂತರ ತುಸು ಹೆಚ್ಚುಕಡಿಮೆ ಆಗುತ್ತಲೇ ಇರುತ್ತದೆ. ದಣಿದವರಲ್ಲಿ ಅದು ಒಂದೇ ಅಳತೆಗೆ ಬರುತ್ತದೆ. ಮುಂಗೈ ಪಟ್ಟಿ ಅದನ್ನು ಅಳೆಯುತ್ತಿತ್ತು. ದಣಿದವರ ಕೆಲಸವನ್ನು ಸರದಿಯು ಕಸುವಿದ್ದವರ ಕೈಗೆ ದಾಟಿಸುತ್ತಿತ್ತು.

ಲಕ್ವಾ ಹೊಡೆದ ಗಂಡನನ್ನು ಮೂರು ವರ್ಷ ಒಬ್ಬಳೇ ಹೊರಳಿಸಿದ್ದ ನೀಲವ್ವ ಈಗ ಮಧ್ಯಾಹ್ನ ನಿದ್ದೆ ಮಾಡುತ್ತಿದ್ದಳು. ಗುರುಸಿದ್ಧಪ್ಪನ ಬೆನ್ನಿನ ಹುಣ್ಣು ಮಾಯ್ದಿತ್ತು.

ಆದರೆ ಎಂಟನೆಯ ತಿಂಗಳಲ್ಲಿ ಅವನ ಎಡ ಸೊಂಟದ ಮೇಲೆ ಅಂಗೈಯಗಲದ ಕೆಂಪು ಕಾಣಿಸಿತು. ಹಾಗೆಯೇ ಬಿಟ್ಟರೆ ವಾರದಲ್ಲಿ ಅದು ಹುಣ್ಣಾಗುವುದು ಖಂಡಿತ. ಮೆಹರುನ್ನಿಸಾ ದಾಖಲೆ ತೆಗೆದು ನೋಡಿದಳು. ಒಂದು ಸರದಿಯೂ ತಪ್ಪಿರಲಿಲ್ಲ. ಹಾಸಿಗೆಯ ಕೆಳಗಿನ, ಭಾರ ಅಳೆಯುವ ಹಾಳೆ ಮಾತ್ರ ಬೇರೊಂದನ್ನು ಹೇಳುತ್ತಿತ್ತು: ದಿನವೂ ಮೂರೂವರೆಗೆ ರೋಗಿ ಬಲಕ್ಕೆ ಹೊರಳುತ್ತಿದ್ದಾನೆ. ನಾಲ್ಕಕ್ಕೆ ಬಂದ ನೆರೆಯವರು, ಪಾಪ, ಪಟ್ಟಿ ಹೇಳಿದಂತೆ ಮಗ್ಗುಲು ಬದಲಿಸಿ ಮತ್ತೆ ಎಡಕ್ಕೇ ಮಲಗಿಸುತ್ತಿದ್ದಾರೆ. ಹಾಳೆಯೇ ಕೆಟ್ಟಿರಬೇಕು ಎಂದುಕೊಂಡು ಅವಳು ಮರುದಿನ ಮೂರಕ್ಕೇ ಆ ಮನೆಗೆ ಬಂದಳು.

ಹಾಳೆ ಸರಿಯಾಗಿಯೇ ಇತ್ತು. ಮೂರೂವರೆ ಆಯಿತು. ನೀಲವ್ವ ಎರಡು ಸಲ ಎದ್ದು, ಎರಡು ಸಲವೂ ಕುಳಿತಳು.

“ಅಕ್ಕಾರ, ಹೊರಳಿಸಾಕತ್ತವ್ರು ನೀವ ಏನ್ರಿ?” ಮೆಹರುನ್ನಿಸಾ ಮೆಲ್ಲಗೆ ಕೇಳಿದಳು.

ನೀಲವ್ವ ಸೆರಗಿನ ತುದಿ ಹಿಡಿದುಕೊಂಡಳು. “ಹೂಂ ತಂಗಿ. ನನ್ನ ಕಡೆಯಿಂದನ ಅವರ ಮೈ ಕೆಂಪಾತಲ್ಲ. ನಾಲ್ಕು ದಿನದಿಂದ ಅನ್ನ ಇಳೀವಲ್ದು. ಹೇಳಾಕ ಬಾಯಿ ಬರಲಿಲ್ಲ.”

“ಯಾಕ ಹಂಗ ಮಾಡ್ತಿದ್ರಿ? ನಿಮಗ ತ್ರಾಸ ಆಗಬಾರದಂತನ ಇಷ್ಟೆಲ್ಲಾ ಮಾಡೇವಿ.”

“ಉಳಿದ ಕೆಲಸೆಲ್ಲಾ ನೀವು ಒಯ್ದದ್ದು ನಿಮಗ ಪುಣ್ಯಾ ಬಂತು. ಆದರ ನಾಕರ ಪಾಳಿ ನಂದು. ನಲವತ್ತು ವರ್ಷ ಇವರು ಬಸ್ ಡಿಪೋದಿಂದ ಬರತಿದ್ದದ್ದು ನಾಕಕ್ಕ. ಆ ಹೊತ್ತಿಗೆ ಬಲಕ್ಕ, ಬಾಗಲದ ಕಡೆ ಮುಖ ಮಾಡಿ ಮಲಗಿಸಿದ್ರ ನನ್ನ ನೋಡಿ ‘ಚಾ’ ಅಂತಾರ. ದಿನಾ ಅನ್ನಂಗಿಲ್ಲ, ಒಮ್ಮೊಮ್ಮೆ. ಈಗ ಉಳಿದದ್ದು ಅದೊಂದ ಮಾತು ಅವರದು. ನಿನ್ನ ಪಟ್ಟಿ ಆಗ ನನಗ ದಣಿವು ಅಂತತಿ. ಬ್ಯಾರೇದವರ್ನ ಕಳಿಸ್ತತಿ. ಬಂದವ್ರ ಮುಂದ ಇವರು ಬಾಯಿ ಬಿಡಂಗಿಲ್ಲ. ಅದಕ್ಕ ಮಂದಿ ಬರೂಕಿಂತ ಮೊದಲ ನಾನ ಹೊರಳಸ್ತಿದ್ದೆ.”

ಮೆಹರುನ್ನಿಸಾ ಅವಳ ಎದೆಬಡಿತದ ದಾಖಲೆಯನ್ನು ಪರದೆಗೆ ತಂದಳು. ದಿನವೂ ಮೂರೂವರೆಗೆ ಬಡಿತ ಬಿರುಸಾಗಿ, ಅಂತರಗಳು ಒಂದೇ ಅಳತೆಗೆ ಬರುತ್ತಿದ್ದವು. ಇಂದು ‘ಚಾ’ ಅಂದಾನೋ ಎಂದು ಕಾಯುವ ಎದೆಯೂ ದಣಿದ ಎದೆಯ ಹಾಗೆಯೇ ಬಡಿಯುತ್ತದೆ. ಹನ್ನೆರಡು ವರ್ಷ ಇದನ್ನೇ ಓದಿದ ಅವಳಿಗೆ ಆ ಎರಡನ್ನು ಬೇರೆ ಮಾಡಿ ನೋಡಬೇಕೆಂದು ಹೊಳೆದಿರಲಿಲ್ಲ.

“ತಪ್ಪು ನಂದರೀ ಅಕ್ಕಾರ,” ಎಂದಳು. “ಇವತ್ತು ನೀವ ಹೊರಳಸರಿ.”

ಸರಿಯಾಗಿ ನಾಲ್ಕಕ್ಕೆ ನೀಲವ್ವ ಗಂಡನನ್ನು ಬಲಕ್ಕೆ ಹೊರಳಿಸಿದಳು. ಅಂದು ಅವನು ಏನೂ ಅನ್ನಲಿಲ್ಲ. ಆದರೂ ಅವಳು ಚಹಾ ಇಟ್ಟಳು, ಮೂವರಿಗೆ.

ಆ ವಾರವೇ ಮೆಹರುನ್ನಿಸಾ ಸರದಿಗೆ ಒಂದು ಗುಂಡಿ ಸೇರಿಸಿದಳು: ‘ಇದು ನನ್ನದು.’ ಅದನ್ನು ಒತ್ತಿದವರ ಕೆಲಸವನ್ನು ಅವರನ್ನು ಕೇಳದೆ ಯಂತ್ರ ದಾಟಿಸುವಂತಿಲ್ಲ. ಹೆಚ್ಚೆಂದರೆ ನಾಲ್ಕಾರು ಜನ ಒತ್ತಿಯಾರು ಎಂದು ಅವಳು ಎಣಿಸಿದ್ದಳು. ತಿಂಗಳೊಳಗೆ ಓಣಿಯ ಕೆಲಸಗಳಲ್ಲಿ ಮೂರರಲ್ಲೊಂದಕ್ಕೆ ಹಕ್ಕುದಾರರು ಹುಟ್ಟಿಕೊಂಡರು. ಹತ್ತರ ಸರದಿಯನ್ನು ವಿರೂಪಾಕ್ಷಿ ಹಿಡಿದುಕೊಂಡ.

“ನಿನಗ ಹೊಲಿಗಿ ಕೆಲಸ ಕೈತುಂಬ ಐತಲ್ಲೋ ಮಾರಾಯ, ಬಿಟ್ಟುಬಿಡು,” ಎಂದಳು ನೀಲವ್ವ.

“ಬಿಡಂಗಿಲ್ಲ ಬಿಡಕ್ಕ. ಊರಾಗ ನನ್ನ ಮಾತು ನಡುವ ಎದ್ದು ಹೋಗಲಾರದ ಕೇಳಾವ್ರು ಅಂದ್ರ ಅವರೊಬ್ಬರ.”

ಹಾಸಿಗೆಯಲ್ಲಿದ್ದ ಗುರುಸಿದ್ಧಪ್ಪನ ಮುಖದ ಅರ್ಧ ನಕ್ಕಿತು.

ಅದನ್ನು ಕಂಡೇ ನೀಲವ್ವನಿಗೆ ಒಂದು ವಿಚಾರ ಬಂತು. ಗಂಡನ ಇನ್ನೂ ಅಲುಗುತ್ತಿದ್ದ ಎಡಗೈಗೂ, ಹೆಬ್ಬೆರಳಿಗೆ ಗುಂಡಿ ಎಟುಕುವಂತೆ, ಒಂದು ಪಟ್ಟಿ ಕಟ್ಟಿಸಿದಳು. ಸಂಜೆ ಆರಕ್ಕೆ ಅವಳು ರಕ್ತದೊತ್ತಡದ ಗುಳಿಗೆ ನುಂಗಬೇಕಿತ್ತು, ಸದಾ ಮರೆಯುತ್ತಿದ್ದಳು. ಈಗ ಆರಕ್ಕೆ ಪಟ್ಟಿ ಮಿಡಿದೊಡನೆ ಅವನ ಹೆಬ್ಬೆರಳು ತಡವರಿಸುತ್ತ ಗುಂಡಿ ಹುಡುಕಿ ಒತ್ತುತ್ತದೆ. ಅಡುಗೆಮನೆಯಲ್ಲಿ ಅವಳ ಪಟ್ಟಿ ಮಿಡಿಯುತ್ತದೆ. ಮೂರು ವರ್ಷ ಆ ಮನೆಯ ಕೆಲಸವಷ್ಟೇ ಆಗಿದ್ದವನ ಹೆಸರು ಕೆಲಸ ಮಾಡುವವರ ಸಾಲಿನಲ್ಲಿ ಬಂದದ್ದು ಹೀಗೆ. ಸೊಂಟದ ಕೆಂಪು ಅಷ್ಟರಲ್ಲಿ ಮಾಸಿತ್ತು.

ತನ್ನ ಸಂಶೋಧನೆಯ ವರದಿ ಬರೆಯುವಾಗ ಮೆಹರುನ್ನಿಸಾ ಮೂವತ್ತು ವರ್ಷ ಹಿಂದಿನ ಮನೆಗಳ ಕ್ಯಾಲೆಂಡರುಗಳನ್ನು ತರಿಸಿಕೊಂಡಳು. ವಾರಕ್ಕೊಮ್ಮೆ ಸಭೆ, ತಿಂಗಳಿಗೊಮ್ಮೆ ಗ್ಯಾಸ್ ಬುಕಿಂಗ್, ವರ್ಷಕ್ಕೊಮ್ಮೆ ಗಾಡಿಯ ವಿಮೆ, ಎಲ್ಲವೂ ಅಚ್ಚುಕಟ್ಟಾಗಿ ಮರುಕಳಿಸುತ್ತಿದ್ದವು. ಹಾಲು ಕಾಯಿಸಿದವರು ಅಲ್ಲಿರಲಿಲ್ಲ. ರೋಗಿಯ ಪಕ್ಕ ಕುಳಿತವರು, ಹಾಸಿಗೆಯ ಬಟ್ಟೆ ಒಗೆದವರು ಯಾವ ಪುಟದಲ್ಲೂ ಸಿಗಲಿಲ್ಲ. ಆ ಕೆಲಸಗಳೂ ಆ ಮನೆಗಳಲ್ಲಿ ದಿನವೂ ನಡೆದಿದ್ದವು. ಅವು ಯಾರ ಪಾಲಿಗೆ ಬಿದ್ದಿವೆ, ಅವುಗಳಲ್ಲಿ ಯಾವುದು ಅವರಿಗೆ ಭಾರ, ಯಾವುದನ್ನು ಕಿತ್ತುಕೊಂಡರೆ ಅವರು ನೊಂದುಕೊಳ್ಳುತ್ತಾರೆ ಎಂದು ಎದುರು ಕುಳಿತು ಕೇಳುವುದಕ್ಕೆ ಅಂದಿನವರಿಗೆ ಯಾವ ಯಂತ್ರವೂ ಬೇಕಿರಲಿಲ್ಲ.