ಟ್ಯೂಬಿನೊಳಗಿನ ಕತ್ತರಿ

ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತಿತು.

ತಾನಾಗಿ ಅಲ್ಲ. ಕೆಂಪು ಗುಂಡಿಯ ಮೇಲೆ ಮೀಸೆಯ ಹೆಬ್ಬೆರಳಿತ್ತು.

ಮೀಸೆ ಅಂದರೆ ನಮ್ಮತ್ತಿಗೆಯ ಎದುರು ಲ್ಯಾಬಿನ ವಿಜ್ಞಾನಿ. ನಾನು ಬಾಡಿಗೆ ಪತ್ತೇದಾರ. ನನ್ನ ಕಂಕುಳಲ್ಲಿ ಐಸ್ ಡಬ್ಬ, ಅದರೊಳಗೆ ಅತ್ತಿಗೆಯ ಒಂದೇ ಒಂದು ಟ್ಯೂಬ್.

"ಟ್ಯೂಬ್ ಬೇಕಾ?" ಎಂದೆ.

"ನೀನೇ ಇಟ್ಕೋಪ್ಪ. ಐಸ್ ಕರಗ್ಲಿ, ಅಷ್ಟೇ."

ನನ್ನ ಕೈಕಾಲು ತಣ್ಣಗಾದವು... ಡಬ್ಬ ಮಾತ್ರ ಬೆಚ್ಚಗಾಗುತ್ತಿತ್ತು.

ವಿಷಯ ಇಷ್ಟು, ಗಟ್ಟಿಯಾಗಿ ಕೂತು ಕೇಳಿ. ಕೆಲಸ ಮುಗಿದ ಪ್ರೋಟೀನಿಗೆ ಜೀವಕೋಶ ಯುಬಿಕ್ವಿಟಿನ್ ಎಂಬ ಚೀಟಿ ಅಂಟಿಸುತ್ತದೆ. ಅಂಥವನ್ನು ಹಿಡಿಯಲು ಮೀಸೆಯದು ಕೊಕ್ಕೆಯ ದಾರಿ: ಚೀಟಿಗೆ ಕೊಕ್ಕೆ ಹಾಕಿ ಇಡೀ ಪ್ರೋಟೀನನ್ನೇ ಎಳೆಯುವುದು. ಅತ್ತಿಗೆಯದು ಗುರುತಿನ ದಾರಿ: ಪ್ರೋಟೀನನ್ನು ತುಂಡರಿಸಿ, ಚೀಟಿ ಅಂಟಿದ್ದ ಜಾಗ ಹುಡುಕುವುದು. ಇಬ್ಬರೂ ಒಂದೇ ಪ್ರೋಟೀನಿನ ಮೇಲೆ ಹುಡುಕಿದರು: ಅತ್ತಿಗೆಗೆ ಚೀಟಿ ಸಿಕ್ಕಿತು, ಮೀಸೆಗೆ ಸಿಗಲಿಲ್ಲ. ಅತ್ತಿಗೆಯದು ಸುಳ್ಳು ಫಲಿತಾಂಶ ಎಂದು ಮೀಸೆ ದೂರು ಕೊಟ್ಟ. ಇವತ್ತು ಸಮಿತಿಯವರು ಈ ಟ್ಯೂಬಿನ ಮೇಲೆ ಎರಡೂ ಪರೀಕ್ಷೆ ನಡೆಸುತ್ತಾರೆ. ಸೋತರೆ ಅತ್ತಿಗೆಯ ಕೆಲಸ ಹೋಗುತ್ತದೆ.

"ಕರಗಿದ್ರೆ ಏನಾಗುತ್ತೆ?"

"ಒಳಗೆ ಕತ್ತರಿ ಥರದ ಕಿಣ್ವಗಳಿವೆ. ಬಿಸಿ ತಾಗಿದ್ರೆ ಎದ್ದು ಕೂರ್ತವೆ. ಚೀಟಿನೆಲ್ಲ ಕತ್ತರಿಸ್ತವೆ. ನಿಮ್ಮತ್ತಿಗೆಗೆ ಟಾಟಾ."

ಮೊಣಕೈ ಬೀಸಿದೆ. ಮೀಸೆ ಕುಸಿದ. ಲಿಫ್ಟ್ ಹೊರಟಿತು, ಬಾಗಿಲು ತೆರೆಯಿತು... ಓಡಿದೆ. ಕಾರಿಡಾರು, ಒದ್ದೆ ನೆಲ, ನೆಲ ಒರೆಸುವವಳ ಬಕೆಟ್ಟು. ನಾನು ಹಾರಿದೆ. ಹಿಂದೆ ಬಂದ ಮೀಸೆ ಬಕೆಟ್ಟಿನೊಳಗೇ ಕಾಲಿಟ್ಟ.

"ಕಣ್ಣು ಎಲ್ಲಿಟ್ಟಿದ್ದೀರಿ ಸ್ವಾಮಿ?" ಅವಳ ದನಿ ನನ್ನ ಬೆನ್ನಟ್ಟಿತು.

ಸಮಿತಿಯ ಕೋಣೆ ಸೇರಿದಾಗ ಡಬ್ಬದಲ್ಲಿ ಬರೀ ನೀರು.

"ಮುಳುಗಿಸಿಬಿಟ್ಟೆ ಅತ್ತಿಗೆ..."

"ಟ್ಯೂಬ್ ಒಡೆದಿಲ್ಲ ತಾನೆ? ಸಾಕು ಕಣೋ. ಕೂತ್ಕೊಂಡು ಉಸಿರಾಡು."

ಮರುದಿನ ಫಲಿತಾಂಶ ಬಂತು. ಕೊಕ್ಕೆಗೂ ಸಿಕ್ಕಿತು. ಗುರುತಿನ ಪರೀಕ್ಷೆಗೂ ಸಿಕ್ಕಿತು.

"ಸಾಧ್ಯವೇ ಇಲ್ಲ," ಮೀಸೆ ಎದ್ದು ನಿಂತ. "ಐಸ್ ಪೂರ್ತಿ ಕರಗಿತ್ತು."

"ಕರಗ್ಲಿ ಬಿಡಿ ಸರ್," ಎಂದರು ಅತ್ತಿಗೆ. "ಜೀವಕೋಶ ಒಡೆಯುವಾಗಲೇ ಕತ್ತರಿನ ಸಾಯಿಸೋ ಪುಡಿ ಹಾಕಿದ್ದೆ. ನೀವೂ ಹಾಕ್ತೀರಲ್ಲ?"

"ನಾನು ಐಸ್ ನಂಬ್ಕೊಂಡೇ..."

ಅಂದರೆ ಅವನ ಟ್ಯೂಬುಗಳಲ್ಲಿ ಕತ್ತರಿ ಸತ್ತೇ ಇರಲಿಲ್ಲ. ಅವನ ಕೊಕ್ಕೆಗೆ ಇಷ್ಟು ದಿನ ಯಾಕೆ ಏನೂ ಸಿಕ್ಕಿರಲಿಲ್ಲ ಎಂದು ಎಲ್ಲರಿಗೂ ಒಟ್ಟಿಗೇ ಹೊಳೆಯಿತು.

ಸಮಿತಿಯ ಅಧ್ಯಕ್ಷೆ ದೂರಿನ ಫೈಲ್ ಮುಚ್ಚಿದರು.

ಅತ್ತಿಗೆ ಕೋಟಿನ ಜೇಬಿನಿಂದ ಪುಟ್ಟ ಸೀಸೆ ತೆಗೆದು ಅವನ ಮುಂದಿಟ್ಟರು. "ತಗೊಳ್ಳಿ ಸರ್. ಚಿಟಿಕೆ ಸಾಕು. ವಿಷ ಅದು, ಗ್ಲೋವ್ಸ್ ಹಾಕ್ಕೊಳ್ಳಿ."

ನಾನು ಕೊಲೆಗಾರರನ್ನು ಕಂಡವನು... ಇಷ್ಟು ಮರ್ಯಾದೆಯಿಂದ ಆಸಾಮಿಯನ್ನು ಮುಗಿಸಿದವರನ್ನು ಕಂಡಿರಲಿಲ್ಲ.