ಸೋರಿಕೆ ಹಿಡಿಯುವ ಪೌಡರು

ಆಯಿಲ್ ಸೋರುವ ಬೈಕಿಗೆ ದೆವ್ವ ಹಿಡಿದಿದೆ ಅನ್ನುವವನನ್ನು ನಾನು ಮನುಷ್ಯರ ಲೆಕ್ಕಕ್ಕೇ ಸೇರಿಸುವುದಿಲ್ಲ. ನನ್ನ ಭಾವಮೈದುನ ಅಂಥವನು.

"ಮೂರು ಜನ ಮೆಕ್ಯಾನಿಕ್ ಕೈಬಿಟ್ರು ಭಾವ. ಮೂವರೂ ಈಗ ಗ್ಯಾರೇಜ್ ಮುಚ್ಚಿ ಮನೇಲಿದ್ದಾರೆ," ಅಂದ, ಬೈಕನ್ನು ನನ್ನ ಗ್ಯಾರೇಜಿನೊಳಗೆ ತಳ್ಳುತ್ತಾ.

"ಕೆಲಸ ಬರದವರು ಇನ್ನೆಲ್ಲಿರ್ತಾರೆ?" ಅಂದೆ.

ಸೋರಿಕೆ ಹಿಡಿಯಲು ಮಂತ್ರ ಬೇಡ, ಮುಖಕ್ಕೆ ಹಚ್ಚುವ ಪೌಡರು ಸಾಕು. ಎಂಜಿನ್ ತೊಳೆದು, ಒಣಗಿಸಿ, ಮೇಲೆಲ್ಲ ಪೌಡರು ಉದುರಿಸಿ ಹತ್ತು ನಿಮಿಷ ಓಡಿಸಬೇಕು. ಸೋರುವ ಜಾಗದಲ್ಲಿ ಪೌಡರು ಕಪ್ಪಾಗುತ್ತದೆ. ಹಾಗೇ ಮಾಡಿದೆ. ಪೌಡರು ಬೆಳ್ಳಗೇ ಇತ್ತು. ಕೆಳಗಿಟ್ಟ ರಟ್ಟಿನ ಮೇಲೆ ಮಾತ್ರ ಕಪ್ಪು ಹನಿಗಳಿದ್ದವು.

ಆಯಿಲನ್ನೆಲ್ಲ ಬಸಿದು ಮನೆಗೆ ಹೋದೆ. ಬೆಳಗ್ಗೆ ಬಂದಾಗ ಎಂಜಿನ್ ತಣ್ಣಗಿತ್ತು, ಪೌಡರು ಬೆಳ್ಳಗಿತ್ತು. ರಟ್ಟಿನ ಮೇಲೆ ಹೊಸ ಹನಿ ಇತ್ತು. ಮುಟ್ಟಿದರೆ ಬೆಚ್ಚಗಿತ್ತು. ರಟ್ಟು ಎಳೆಯಲು ಬೈಕಿನಡಿ ತಲೆ ಹಾಕಿದಾಗ ಇನ್ನೊಂದು ಹನಿ ನನ್ನ ಕಿವಿಯ ಹಿಂದೆ ಬಿತ್ತು. ಬೈದುಕೊಂಡು ಒರೆಸಿಕೊಂಡೆ.

ಆಮೇಲೆ ಹೊಸ ಆಯಿಲ್ ಹಾಕಿದರೂ ಬೈಕು ಒಂದು ಹನಿಯೂ ಸೋರಲಿಲ್ಲ. ವಾಷರ್ ಬದಲಾಯಿಸಿದೆ ಎಂದು ಸುಳ್ಳು ಹೇಳಿ ಕಳಿಸಿದೆ.

ವಾರದ ನಂತರ ಹೆಂಡತಿ ದಿಂಬಿನ ಕವರು ತಂದು ಮುಖಕ್ಕೆ ಹಿಡಿದಳು. "ತಲೆಗೆ ಅದ್ಯಾವ ಎಣ್ಣೆ ಹಚ್ಕೊಳ್ತೀರ್ರೀ? ಎಷ್ಟು ಒಗೆದ್ರೂ ಹೋಗ್ತಿಲ್ಲ."

ಅವಳಿಗೂ ತಮ್ಮನ ಬುದ್ಧಿಯೇ ಅಂದುಕೊಂಡೆ. ಆದರೂ ಕತ್ತು ತೊಳೆದು, ಒರೆಸಿ, ಪೌಡರು ಹಚ್ಚಿ ಕನ್ನಡಿಯ ಮುಂದೆ ಹತ್ತು ನಿಮಿಷ ನಿಂತೆ. ಕಿವಿ ಮಡಚಿ ನೋಡಿದರೆ ಹಿಂದೆ ಪೌಡರು ಕಪ್ಪಾಗಿತ್ತು. ಸುಟ್ಟ ಆಯಿಲಿನ ವಾಸನೆ ಬರುತ್ತಿತ್ತು.

ಭಾವಮೈದುನ ಊರೆಲ್ಲ ನನ್ನ ಕೈಗುಣ ಹೊಗಳಿಕೊಂಡು ತಿರುಗುತ್ತಿದ್ದಾನಂತೆ, ದಡ್ಡ. ನಾನು ಗ್ಯಾರೇಜಿನ ಬಾಗಿಲು ತೆಗೆಯದೆ ಇವತ್ತಿಗೆ ಒಂಬತ್ತು ದಿನ.