ಕೆಳಗಿನ ಸಾಲು

ಫೋಟೊ ಹಣೆಯ ತನಕ ಬಂದಿತ್ತು.

ಲ್ಯಾಪ್‌ಟಾಪಿನಲ್ಲಿ ಮೊದಲು ಶಾಲೆಯ ಹೆಂಚು ಕಂಡಿತು. ಆಮೇಲೆ ಮೇಷ್ಟ್ರುಗಳ ತಲೆ. ಈಗ ಬೆಂಚಿನ ಮೇಲೆ ಕೂತ ಹುಡುಗರ ಹಣೆ. ಎಳೆ ಎಳೆಯಾಗಿ ಫೋಟೊ ಮೇಲಿನಿಂದ ಕೆಳಕ್ಕೆ ಇಳಿಯುತ್ತಿತ್ತು. ಮಂಜುಶ್ರೀಗೆ ಬೇಕಾದದ್ದು ಎಲ್ಲಕ್ಕಿಂತ ಕೆಳಗಿನ ಸಾಲು, ನೆಲದ ಮೇಲೆ ಕೂತವರದ್ದು.

ಅಷ್ಟರಲ್ಲಿ ಕಿಟಕಿಯಲ್ಲಿಟ್ಟಿದ್ದ ಅಪ್ಪನ ಮೊಬೈಲ್ ರಿಂಗಾಯಿತು. ಫೋಟೊ ಅಲ್ಲೇ ನಿಂತಿತು.

"ಹೋಯ್ತು," ಎಂದಳು ಮಂಜುಶ್ರೀ.

ಮೊಬೈಲಿಗೂ ಲ್ಯಾಪ್‌ಟಾಪಿಗೂ ನಡುವೆ ಒಂದು ಕೇಬಲ್. ಮೊಬೈಲಿನ ನೆಟ್ ಆ ಕೇಬಲಿನಲ್ಲೇ ಲ್ಯಾಪ್‌ಟಾಪಿಗೆ ಬರಬೇಕು. ಯಾರಾದರೂ ಫೋನ್ ಮಾಡಿದರೆ ಮುಗಿಯಿತು, ಮತ್ತೆ ಮೊದಲಿನಿಂದ.

"ಒಂದೇ ಬಾಗಿಲು ಕಣೇ," ಎಂದರು ಅಪ್ಪ. "ಮಾತು ಒಳಗೆ ಬಂದ್ರೆ ನೆಟ್ ಹೊರಗೆ ನಿಲ್ಲುತ್ತೆ. ತಗೋ, ನಿನಗೇ."

ದ್ರಾಕ್ಷಾಯಣಿಯ ಫೋನು. ಹೊಸ ಶಾಲೆಯಲ್ಲಿ ಮಂಜುಶ್ರೀಯ ಹಿಂದಿನ ಬೆಂಚಿನವಳು. ಸ್ಟೇಷನ್ ಪಕ್ಕದ ತನ್ನ ಅಪ್ಪನ ಸೈಕಲ್ ಅಂಗಡಿಯಿಂದ ದಿನಾ ಸಂಜೆ ಮಾಡುತ್ತಾಳೆ.

"ಹೋಮ್‌ವರ್ಕ್ ಏನ್ ಕೊಟ್ಟವ್ರೆ?"

"ಏಳನೇ ಲೆಕ್ಕದಿಂದ ಹತ್ತರ ತನಕ."

"ಹ್ಞೂಂ. ನಿಮ್ಮನೇಲಿ ಇವತ್ತು ಏನ್ ಸಾರು?"

"ಗೊತ್ತಿಲ್ಲ. ಇಡ್ತೀನಿ."

ಅಪ್ಪ ನಕ್ಕರು. "ಹಿಂದಿನ ಬೆಂಚೇ ಅಲ್ವಾ? ಬೋರ್ಡ್ ಕಾಣಲ್ವಂತಾ ಅವಳಿಗೆ?"

"ಪೆದ್ದಿ ಅಪ್ಪ ಅವಳು," ಎಂದಳು ಮಂಜುಶ್ರೀ. ಕ್ಲಾಸಿನಲ್ಲಿ ಲೆಕ್ಕವೆಲ್ಲ ಸರಿ ಮಾಡುವವಳು ಅವಳೇ ಎಂದು ಹೇಳಲಿಲ್ಲ.

ಅಪ್ಪನಿಗೆ ಬೇಲೂರಿನಿಂದ ಬಾಣಾವರಕ್ಕೆ ವರ್ಗವಾದಾಗ ಅಲ್ಲಿನ ಗೆಳತಿ ಶಿಲ್ಪಶ್ರೀ ಶಾಲೆಯ ಗೇಟಿನ ತನಕ ಬಂದಿದ್ದಳು. "ಗ್ರೂಪ್ ಫೋಟೊದಲ್ಲಿ ನನ್ ಪಕ್ಕ ನಿನ್ ಜಾಗ ಖಾಲಿ ಬಿಟ್ಟಿರ್ತೀನಿ ಕಣೇ, ಪ್ರಾಮಿಸ್," ಎಂದಿದ್ದಳು. ಆ ಫೋಟೊವನ್ನೇ ಅವಳ ಮಾವ ಈಗ ಮೇಲ್ ಮಾಡಿದ್ದರು.

ಬಾಣಾವರದ ಶಾಲೆಯಲ್ಲಿ ಮಂಜುಶ್ರೀಗೆ ಇಡೀ ಒಂದು ಬೆಂಚಿತ್ತು. ಅದರಲ್ಲಿ ಅವಳೊಬ್ಬಳೇ ಕೂರುತ್ತಿದ್ದಳು, ಡಬ್ಬಿಯನ್ನೂ ಒಬ್ಬಳೇ ಬಿಚ್ಚುತ್ತಿದ್ದಳು. ಬೇಲೂರಿನಲ್ಲಿ ನನ್ನದೊಂದು ಜಾಗ ಹಾಗೇ ಇದೆ ಅಂದುಕೊಂಡರೆ ಮಾತ್ರ ಡಬ್ಬಿ ಖಾಲಿಯಾಗುತ್ತಿತ್ತು.

ಮರುದಿನ ಅವಳು ಹಿಂದಕ್ಕೆ ತಿರುಗಿ ಹೇಳಿಯೇಬಿಟ್ಟಳು. "ನಮ್ಮನೆಗೆ ಫೋನ್ ಮಾಡ್ಬೇಡ. ನೀನು ಮಾಡಿದ್ರೆ ನೆಟ್ ಕಟ್ ಆಗುತ್ತೆ."

"ನಾಳೆ ಮಾಡ್ಲಾ?" ದ್ರಾಕ್ಷಾಯಣಿ ಕೇಳಿದಳು.

"ನಾಳೇನೂ ಬೇಡ. ಹೋಮ್‌ವರ್ಕ್ ನಿಂಗೆ ಗೊತ್ತಿರುತ್ತಲ್ಲ."

"ಗೊತ್ತಿರ್ತೈತೆ," ಎಂದಳು ದ್ರಾಕ್ಷಾಯಣಿ. ಅವಳ ಕಿವಿ ಕೆಂಪಾಗಿತ್ತು. ತಲೆ ತಗ್ಗಿಸಿ ಪೆನ್ಸಿಲ್ ಚೂಪು ಮಾಡತೊಡಗಿದಳು. ಅದು ಮೊದಲೇ ಚೂಪಾಗಿತ್ತು.

ಆ ಸಂಜೆ ಯಾರೂ ಫೋನ್ ಮಾಡಲಿಲ್ಲ. ಹೆಂಚು ಬಂತು, ಹಣೆಗಳು ಬಂದವು, ಬೆಂಚಿನ ಕಾಲು ಬಂತು. ಕೊನೆಗೆ ಕೆಳಗಿನ ಸಾಲು. ಶಿಲ್ಪಶ್ರೀಯ ಬೈತಲೆ, ಮೂಗು, ನಗು.

ಅವಳ ಪಕ್ಕ ಬರೀ ನೆಲ ಕಾಣಬೇಕಿತ್ತು. ಕಂಡದ್ದು ಎರಡು ಜಡೆ.

ಅಮ್ಮ ಬಗ್ಗಿ ನೋಡಿದರು. "ಯಾರೇ ಇದು, ಶಿಲ್ಪ ಪಕ್ಕ?"

ಮಂಜುಶ್ರೀಗೆ ಪರದೆ ಮಂಜುಮಂಜಾಯಿತು. ಲಂಗದಲ್ಲಿ ಕಣ್ಣು ಒರೆಸಿಕೊಂಡು ಮತ್ತೆ ನೋಡಿದಳು.

ಗುರುತಿಲ್ಲದ ಹುಡುಗಿ. ಮಿಕ್ಕವರೆಲ್ಲ ಒಬ್ಬರ ಮೇಲೊಬ್ಬರು ಒರಗಿ ಕೂತಿದ್ದರೆ ಅವಳು ಮಂಡಿ ತಬ್ಬಿಕೊಂಡು ಮುದುಡಿದ್ದಳು. ಯೂನಿಫಾರ್ಮಿನಲ್ಲಿ ಅಂಗಡಿಯ ಮಡಿಕೆ ಇನ್ನೂ ಹೋಗಿರಲಿಲ್ಲ. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರೆ ಅವಳು ಶಿಲ್ಪಶ್ರೀಯನ್ನು ನೋಡುತ್ತಿದ್ದಳು, ಎಷ್ಟು ನಗಬೇಕು ಎಂದು ಕೇಳುವವಳ ಹಾಗೆ. ಶಿಲ್ಪಶ್ರೀ ಅವಳ ತೋಳು ಹಿಡಿದು ಹತ್ತಿರಕ್ಕೆ ಎಳೆದುಕೊಂಡಿದ್ದಳು.

"ಹೊಸಬಳು ಅಮ್ಮ," ಎಂದಳು ಮಂಜುಶ್ರೀ.

ಮನೆ ಸದ್ದಿಲ್ಲದೆ ಇತ್ತು. ಕಿಟಕಿಯಲ್ಲಿ ಮೊಬೈಲೂ ಸುಮ್ಮನಿತ್ತು.

"ಫೋಟೊ ಸೇವ್ ಮಾಡ್ಕೊಡ್ಲಾ?" ಅಪ್ಪ ಕೇಳಿದರು.

"ಆಮೇಲೆ ಅಪ್ಪ." ಅವಳು ಕೇಬಲ್ ಕಿತ್ತು, ನಿನ್ನೆ ಬಂದಿದ್ದ ನಂಬರನ್ನು ಹುಡುಕಿ ಒತ್ತಿದಳು.

"ಹಲೋ, ಯಾರು?"

"ನಾನು."

ಆ ಕಡೆ ಅಂಗಡಿಯಲ್ಲಿ ಒಂದು ಸ್ಪ್ಯಾನರ್ ಬಿದ್ದ ಸದ್ದು.

"ನೆಟ್ ಕಟ್ ಆಗಲ್ವಾ?" ಮೆಲ್ಲಗೆ ಕೇಳಿದಳು ದ್ರಾಕ್ಷಾಯಣಿ.

"ಆಗ್ಲಿ ಬಿಡು."

ಫೋನಿನೊಳಗೆ ರೈಲು ಕೂಗಿತು. ಸ್ವಲ್ಪ ಹೊತ್ತಿಗೆ ಅದೇ ರೈಲು ಮಂಜುಶ್ರೀಯ ಮನೆಯ ಹಿಂದೆ ಧಡಧಡ ಎನ್ನತೊಡಗಿತು.

"ನಿಮ್ಮನೆ ತಾವೂ ಬಂತಾ?"

"ಬಂತು."

ಇಬ್ಬರೂ ಫೋನನ್ನು ಕಿವಿಗೆ ಒತ್ತಿ ಹಿಡಿದು, ಅದು ಪೂರ್ತಿ ದಾಟುವ ತನಕ ಕಾದರು.